ಲಸಿಕೆ ಡಬ್ಬಿ ಒಯ್ಯುತ್ತಿದ್ದ ಭೀಮಶಿ

ಹದಿನೆಂಟು ವರ್ಷ ಒಂದೇ ಸರಕಾರಿ ದವಾಖಾನೆಯಲ್ಲಿ ಔಷಧ ಕೊಡುವ ಕೆಲಸ ಮಾಡಿದವನು ನಾನು. ಮುನವಳ್ಳಿಯಿಂದ ತೊರಗಲ್ ಕಡೆಗೆ ಹೋಗುವ ಭಾಗದಲ್ಲಿ ಆ ದವಾಖಾನೆ ಇದೆ. ಊರಿನ ಹೆಸರು ಬೇಡ, ಅಲ್ಲಿಯವರು ಈ ಸಂಗತಿಯಿಂದ ಸಾಕಷ್ಟು ಮಾತು ಕೇಳಿದ್ದಾರೆ. ಪ್ರತಿ ಗುರುವಾರ ಬೆಳಿಗ್ಗೆ ಎಂಟಕ್ಕೆ ಫ್ರಿಜ್ಜಿನಿಂದ ಲಸಿಕೆ ಬಾಟಲಿಗಳನ್ನು ತೆಗೆದು, ನಾಲ್ಕು ಬದಿಗೆ ಐಸ್ ಪ್ಯಾಕ್ ಇಟ್ಟ ನೀಲಿ ಡಬ್ಬಿಗೆ ತುಂಬಿ ಕೊಡುತ್ತಿದ್ದೆ. ಅದನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಹದಿನಾಲ್ಕು ಕಿಲೋಮೀಟರ್ ಆಚೆಯ ಹಳ್ಳಿಗಳಿಗೆ ಒಯ್ಯುತ್ತಿದ್ದವನು ಭೀಮಶಿ.

ಭೀಮಶಿಗೆ ಆಗ ಇಪ್ಪತ್ತೊಂಬತ್ತು ವರ್ಷ. ತೆಳ್ಳಗೆ, ಎತ್ತರವಾಗಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕದೆ ಡಬ್ಬಿ ಮುಟ್ಟುತ್ತಿರಲಿಲ್ಲ. ಅವನ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ. ಅಪ್ಪ ಸೋಮಪ್ಪ ಹಲಗೆ ಬಾರಿಸಿ ಡಂಗುರ ಸಾರುತ್ತಿದ್ದವನು, ಮೇಲಿನ ಓಣಿಯ ಮನೆಗಳ ಕಟ್ಟೆ ಹತ್ತಿದವನಲ್ಲ. ಮಗ ಅದೇ ಓಣಿಯಲ್ಲಿ ಡಬ್ಬಿ ಇಳಿಸಿದರೆ ತಾಯಂದಿರು ಕೂಸುಗಳನ್ನು ಬಗಲಲ್ಲಿ ಎತ್ತಿಕೊಂಡು ಅವನ ಹಿಂದೆ ಅಂಗನವಾಡಿಗೆ ಬರುತ್ತಿದ್ದರು. ಯಾರೋ ಚಾಷ್ಟಿಗೆ 'ಡಾಕ್ಟರ್ ಭೀಮಶಿ' ಎಂದು ಹೆಸರಿಟ್ಟಿದ್ದರು. ಅವನು ಅದನ್ನು ಚಾಷ್ಟಿ ಎಂದುಕೊಳ್ಳಲೇ ಇಲ್ಲ.

ಆ ಹಳ್ಳಿಗಳಲ್ಲಿ ಇಂಜೆಕ್ಷನ್ ಹಾಕುತ್ತಿದ್ದವಳು ಶೈಲಜಾ ಸಿಸ್ಟರ್. ಮಾತು ಖಡಕ್, ಕೈ ಹಗುರ. ನಾವು ಮೂವರೂ ಆರು ವರ್ಷ ಒಟ್ಟಿಗೆ ಕೆಲಸ ಮಾಡಿದೆವು, ಒಬ್ಬರಿಗೊಬ್ಬರು ಎದುರು ಮಾತಾಡಿ ಜಗಳವಾಡಿದ್ದಿಲ್ಲ. ಹಾಗಿದ್ದ ಭೀಮಶಿ ಒಂದು ವರ್ಷದೊಳಗೆ ನಮ್ಮಿಬ್ಬರನ್ನೂ ಕಳ್ಳರ ಹಾಗೆ ನೋಡತೊಡಗಿದ. ಯಾಕೆಂದು ನಮಗೆ ಬಹಳ ದಿನ ತಿಳಿಯಲಿಲ್ಲ. ಅವನು ಮುಂದೆ ತಾನಾಗಿಯೇ ಹೇಳಿದ್ದನ್ನು ನಾನು ಇಲ್ಲಿಯೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅವನ ನಡತೆ ನಿಮಗೂ ಅರ್ಥವಾಗಲಿಕ್ಕಿಲ್ಲ.

ಮಾರ್ಚ್ ತಿಂಗಳ ಒಂದು ಗುರುವಾರ. ದವಾಖಾನೆಯಿಂದ ಒಂಬತ್ತು ಕಿಲೋಮೀಟರ್ ದಾಟಿದ ಮೇಲೆ ಗಾಡಿಯ ಚೈನು ಕಡಿಯಿತು. ಎರಡೂ ಬದಿ ಕಡಲೆ ಕಿತ್ತ ಬರೀ ಎರಿಹೊಲ. ಫೋನ್ ಹತ್ತಲಿಲ್ಲ. ಬಿಸಿಲಲ್ಲಿ ತಳ್ಳಿಕೊಂಡು ಹೋದರೆ ಔಷಧ ಕೆಡುತ್ತದೆಂದು ಡಬ್ಬಿಯನ್ನು ಒಂದು ಬೇವಿನ ಗಿಡದ ನೆರಳಿಗೆ ಇಟ್ಟು, ಗಾಡಿ ತಳ್ಳಿಕೊಂಡು ಹಿಂದಿನ ಊರಿನ ಗ್ಯಾರೇಜಿಗೆ ಹೋದ. ತಿರುಗಿ ಬರಲು ಒಂದೂವರೆ ತಾಸು ಹಿಡಿಯಿತು. ಅಷ್ಟರಲ್ಲಿ ನೆರಳು ಸರಿದು ಡಬ್ಬಿ ಬಿಸಿಲಲ್ಲಿ ಕೂತಿತ್ತು. ಮುಚ್ಚಳದ ಎರಡು ಚಿಲಕದಲ್ಲಿ ಒಂದು ಬಿಚ್ಚಿತ್ತು. ಯಾರು ಬಿಚ್ಚಿದರು, ಕುರಿ ಕಾಯುವವರೋ, ಹಾದಿಯಲ್ಲಿ ಹೋಗುವವರೋ, ಅಥವಾ ಕಟ್ಟುವಾಗ ತಾನೇ ಒಂದನ್ನು ಹಾಕಿರಲಿಲ್ಲವೋ, ಅವನಿಗೆ ಗೊತ್ತಾಗಲಿಲ್ಲ. ಸುತ್ತ ನೋಡಿದ. ಒಬ್ಬರೂ ಇರಲಿಲ್ಲ. ಚಿಲಕ ಹಾಕಿ, ಡಬ್ಬಿ ಕಟ್ಟಿಕೊಂಡು ಹೋಗಿ ಶೈಲಜಾಳಿಗೆ ಕೊಟ್ಟ.

"ಯಾಕ ತಡಾ?" ಎಂದು ಅವಳು ಕೇಳಿದಳು.

"ಚೈನ್ ಕಡದಿತ್ರಿ ಸಿಸ್ಟರ್," ಎಂದ. ಡಬ್ಬಿ ಬಿಟ್ಟು ಹೋಗಿದ್ದನ್ನು ಹೇಳಲಿಲ್ಲ.

ಅವತ್ತು ಅದೇ ಅಂಗನವಾಡಿಗೆ ಅವನ ಹೆಂಡತಿ ಯಶೋಧಾ ಮಗಳನ್ನು ಕರೆದುಕೊಂಡು ಬಂದಿದ್ದಳು. ಸ್ನೇಹಲ್‌ಗೆ ಹದಿನಾರು ತಿಂಗಳು. ದಡಾರದ ಎರಡನೇ ಡೋಸು ಅವಳ ತೋಳಿಗೆ ಬಿತ್ತು. ಭೀಮಶಿ ಅಲ್ಲೇ ಕಿಟಕಿಯ ಹತ್ತಿರ ನಿಂತಿದ್ದ. 'ಬ್ಯಾಡ' ಎಂಬ ಮಾತು ಬಾಯಿಗೆ ಬಂದಿತ್ತಂತೆ. ಆದರೆ ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ.

ಆ ಸಂಜೆ ಕೂಸಿಗೆ ಜ್ವರ ಬಂತು, ಎರಡು ದಿನದಲ್ಲಿ ಇಳಿಯಿತು. ಅಂಥ ಜ್ವರ ಹತ್ತರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ, ಅದರಲ್ಲಿ ಹೊಸದೇನಿಲ್ಲ. ಆದರೆ ಮುಂದಿನ ಐದಾರು ತಿಂಗಳಲ್ಲಿ, 'ಅವ್ವಾ', 'ಬಾ', 'ನೀರು' ಎನ್ನುತ್ತಿದ್ದ ಹುಡುಗಿ ಒಂದೊಂದೇ ಮಾತು ಬಿಟ್ಟಳು. ಕರೆದರೆ ತಿರುಗುವುದಿಲ್ಲ. ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಂಡು ಚೀರುತ್ತಾಳೆ. ಸ್ಟೀಲಿನ ತಾಟು ಗರಗರ ತಿರುಗಿಸಿ ಅದು ನಿಲ್ಲುವವರೆಗೆ ಕಣ್ಣು ಮಿಟುಕಿಸದೆ ನೋಡುತ್ತಾಳೆ. ಅಜ್ಜಿ ತಾಯವ್ವ ದೃಷ್ಟಿ ತೆಗೆದಳು. ಓಣಿಯವರು, ಕೆಲವು ಕೂಸುಗಳು ತಡವಾಗಿ ಮಾತಾಡುತ್ತವೆ ಎಂದು ಸಮಾಧಾನ ಹೇಳಿದರು. ಭೀಮಶಿಯ ತಲೆಯಲ್ಲಿ ಮಾತ್ರ ಬಿಸಿಲಲ್ಲಿ ಕೂತ ಆ ನೀಲಿ ಡಬ್ಬಿ ಇತ್ತು.

ಒಂದು ದಿನ ಡಬ್ಬಿ ವಾಪಸು ಕೊಡಲು ಬಂದವನು ಬಾಗಿಲಲ್ಲೇ ನಿಂತು ಕೇಳಿದ.

"ಸರ, ಈ ಔಷಧ ಬಿಸಲಿಗೆ ಕೆಟ್ರ ಏನಾಗತೈತ್ರಿ?"

ನಾನು ತಿಂಗಳ ವರದಿ ಬರೆಯುತ್ತಿದ್ದೆ. ತಲೆ ಎತ್ತಲಿಲ್ಲ. "ಏನಾಗತೈತಿ? ವಿಷ ಆಗತೈತಿ. ಅದಕ್ಕ ಜ್ವಾಕಿಯಿಂದ ಒಯ್ಯಿ ಅನ್ನೂದು," ಎಂದೆ.

ಹೆದರಿಸಿದರೆ ಹುಷಾರಾಗಿ ಒಯ್ಯುತ್ತಾನೆ ಎಂದು ಆಡಿದ ಮಾತು ಅದು. ಬಿಸಿಲಿಗೆ ಕೆಟ್ಟ ಲಸಿಕೆ ವಿಷವಾಗುವುದಿಲ್ಲ, ಅದರ ಶಕ್ತಿ ಹೋಗುತ್ತದೆ, ರೋಗ ತಡೆಯುವುದಿಲ್ಲ, ಅಷ್ಟೇ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಅಂದೆ. ಅವನು "ಹೂಂರಿ" ಎಂದು ಹೋದ. ಆ ಒಂದು ಮಾತನ್ನು ಅವನು ಒಂದೂವರೆ ವರ್ಷಕ್ಕೂ ಹೆಚ್ಚು ಹೊತ್ತುಕೊಂಡು ತಿರುಗಿದ.

ಆಮೇಲೆ ಅವನ ಫೋನಿಗೆ ವಿಡಿಯೊಗಳು ಬರತೊಡಗಿದವು. ಒಂದು ಸಲ ನೋಡಿದರೆ ಅಂಥವೇ ಮತ್ತೆ ಹತ್ತು ಬರುತ್ತವಲ್ಲ. ಯಾವನೋ ಬಿಳಿ ಕೋಟಿನವನು, ದಡಾರದ ಇಂಜೆಕ್ಷನ್ನಿಂದಲೇ ಆಟಿಸಂ ಬರುತ್ತದೆ, ಪರದೇಶದ ಡಾಕ್ಟರೊಬ್ಬ ಇದನ್ನು ಸಾಬೀತು ಮಾಡಿದ್ದಾನೆ, ಕಂಪನಿಗಳು ಮುಚ್ಚಿಟ್ಟಿವೆ ಎನ್ನುತ್ತಿದ್ದ. ಆ ಪರದೇಶದ ಡಾಕ್ಟರನ ಲೇಖನದಲ್ಲಿ ಮೋಸ ಇತ್ತೆಂದು ಪತ್ರಿಕೆಯವರೇ ಅದನ್ನು ರದ್ದು ಮಾಡಿದ್ದು, ಅವನು ಡಾಕ್ಟರ್ ಲೈಸೆನ್ಸ್ ಕಳೆದುಕೊಂಡಿದ್ದು, ಆಮೇಲೆ ಲಕ್ಷಗಟ್ಟಲೆ ಮಕ್ಕಳನ್ನು ನೋಡಿ ಎರಡಕ್ಕೂ ಸಂಬಂಧವಿಲ್ಲವೆಂದು ಬೇರೆ ಬೇರೆ ದೇಶದವರು ಕಂಡುಕೊಂಡಿದ್ದು, ಇದೆಲ್ಲ ಆ ವಿಡಿಯೊದಲ್ಲಿ ಇರಲಿಲ್ಲ. ಭೀಮಶಿ ಅದನ್ನು ಹೊಲದ ಬದುವಿನ ಮೇಲೆ ಒಬ್ಬನೇ ಕೂತು ಮತ್ತೆ ಮತ್ತೆ ನೋಡುತ್ತಿದ್ದ.

ಅಲ್ಲಿಂದ ಶುರುವಾಯಿತು. ನಾನು ಬಾಟಲಿ ಎಣಿಸುವಾಗ ಅವನು ಬಗ್ಗಿ ಲೇಬಲ್ಲಿನ ನಂಬರ್ ಬರೆದುಕೊಳ್ಳುತ್ತಿದ್ದ. ಐಸ್ ಪ್ಯಾಕ್ ಕೈಯಲ್ಲಿ ಹಿಡಿದು, "ಇದು ನಿನ್ನೀದೋ ಇವತ್ತಿಂದೋ ಸರ?" ಎನ್ನುತ್ತಿದ್ದ. ಶೈಲಜಾ ಸಿರಿಂಜ್ ತುಂಬುವಾಗ ಹಿಂದೆ ನಿಂತು ನೋಡುತ್ತಿದ್ದ. ಅವಳು ಒಮ್ಮೆ ತಿರುಗಿ ಕೇಳಿಯೇಬಿಟ್ಟಳು.

"ಏನ್ ನೋಡಾಕತ್ತೀಯೋ ಭೀಮಶಿ? ನಾ ಏನರ ಕದ್ದೇನೇನು?"

"ಯಾರ್ ಏನ್ ಮಾಡ್ತಾರ, ಯಾರಿಗೆ ಗೊತ್ರಿ ಸಿಸ್ಟರ್."

ಅವಳು ನನ್ನ ಹತ್ತಿರ ಬಂದು ಹೇಳಿದಳು: "ಈ ಮನಷ್ಯಾನ ತಲ್ಯಾಗ ಏನೋ ಹೊಕ್ಕೈತ್ರಿ. ನನ್ನ ಮ್ಯಾಲೆ ಯಾರಿಗರ ಅರ್ಜಿ ಬರಿಯಾಕತ್ತಾನೋ ಏನೋ." ಅಂದಿನಿಂದ ಅವಳೂ ಅವನನ್ನು ಸಂಶಯದಿಂದ ನೋಡತೊಡಗಿದಳು. ನಿಜ ಹೇಳಬೇಕೆಂದರೆ ನಾನೂ.

ಸ್ನೇಹಲ್‌ಗೆ ಮೂರು ತುಂಬುವ ಹೊತ್ತಿಗೆ ಬೆಳಗಾವಿಯ ದೊಡ್ಡಾಸ್ಪತ್ರೆಯಲ್ಲಿ ಆಟಿಸಂ ಎಂದು ಚೀಟಿ ಬರೆದುಕೊಟ್ಟರು. ವಾರಕ್ಕೊಮ್ಮೆ ತರಬೇತಿಗೆ ಕರೆತರಲು ಹೇಳಿದರು. ಭೀಮಶಿ ಆ ಚೀಟಿಯನ್ನು ಮಡಚಿ ಪಟದ ಹಿಂದೆ ಸಿಗಿಸಿದ. ಮತ್ತೆ ಹೋಗಲಿಲ್ಲ. ಸರಕಾರಿ ಆಸ್ಪತ್ರೆಯವರು ಸರಕಾರಿ ಇಂಜೆಕ್ಷನ್ನಿನ ತಪ್ಪು ಹೇಳುತ್ತಾರೆಯೇ ಎಂಬುದು ಅವನ ಲೆಕ್ಕ. ಅದೇ ವಾರ ಯಶೋಧಾಳ ಅಣ್ಣನ ಹೆಂಡತಿ ತನ್ನ ಕೂಸಿಗೆ ಇಂಜೆಕ್ಷನ್ ಹಾಕಿಸಬೇಕೆಂದಾಗ ಅವನು, "ಹಾಕಸಬ್ಯಾಡ್ರಿ. ನನ್ನ ಕೂಸಿನ್ನ ನೋಡ್ರಿ," ಎಂದ. ಅಷ್ಟು ಸಾಕಾಯಿತು. ಡಬ್ಬಿ ಒಯ್ಯುವವನೇ ಬೇಡ ಎನ್ನುತ್ತಾನಂತೆ ಎಂಬ ಮಾತು ಹದಿನೈದು ದಿನದಲ್ಲಿ ಮೂರು ಹಳ್ಳಿ ಸುತ್ತಿತು. ಗುರುವಾರ ಅಂಗನವಾಡಿಗೆ ಇಪ್ಪತ್ತು ಕೂಸು ಬರುತ್ತಿದ್ದಲ್ಲಿ ಆರು, ಆಮೇಲೆ ಮೂರು. ಶೈಲಜಾ ಮನೆಮನೆಗೆ ಹೋದರೆ ಒಳಗಿನಿಂದ, "ಕೂಸು ಊರಾಗಿಲ್ರಿ," ಎನ್ನುವರು. ಒಳಗೆ ಕೂಸು ಅಳುವುದು ಕೇಳಿಸುತ್ತಿತ್ತು.

ವೈದ್ಯಾಧಿಕಾರಿ ಮೇಡಮ್ ಭೀಮಶಿಯನ್ನು ಕರೆದು ಬೈದರು. ಅವನು ನೆಲ ನೋಡುತ್ತ ನಿಂತಿದ್ದು ಹೊರಟುಹೋದ. ಡಬ್ಬಿ ಒಯ್ಯುವುದನ್ನು ಮಾತ್ರ ಬಿಡಲಿಲ್ಲ. ಇದು ನಮಗೆ ಇನ್ನಷ್ಟು ವಿಚಿತ್ರವಾಗಿ ಕಂಡಿತು. ನಂಬಿಕೆ ಇಲ್ಲದವನು ಒಯ್ಯುವುದು ಯಾಕೆ? ಬಹಳ ದಿನದ ಮೇಲೆ ಅವನು ಉತ್ತರ ಹೇಳಿದ: "ನಾ ಬಿಟ್ರ ಬ್ಯಾರೆಯವ್ರು ಒಯ್ತಿದ್ರು ಸರ. ಅವ್ರು ಎಲ್ಲೆರ ಬಿಸಲಾಗ ಇಟ್ರ?"

ಬೈಲಹೊಂಗಲದಲ್ಲಿ ಅಂದಾನೆಪ್ಪ ಎಂಬುವನ ಹೆಸರು ಅವನಿಗೆ ಸಿಕ್ಕಿದ್ದು ಅದೇ ಫೋನಿನಲ್ಲಿ. ಪೇಟೆಯ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆ. ಗೋಡೆ ತುಂಬ ಸರ್ಟಿಫಿಕೇಟು, ಯಾವುದರ ಮೇಲೂ ಊರಿನ ಹೆಸರು ಸರಿಯಾಗಿ ಓದಲು ಬರುವುದಿಲ್ಲ. ಅವನು ಲಸಿಕೆಯ ವಿಷ ತೆಗೆಯುತ್ತಾನಂತೆ. ಸ್ನೇಹಲ್‌ಳ ಕಣ್ಣು ಬಿಡಿಸಿ ನೋಡಿ, "ಪಾರಜ ತುಂಬೈತಿ," ಎಂದ, ಮೈಯಲ್ಲಿ ಪಾದರಸವಂತೆ. ಹಾಲು ಬಿಡಿಸಿದ, ಗೋಧಿ ಬಿಡಿಸಿದ, ಶೇಂಗಾ ಬಿಡಿಸಿದ. ಬೂದು ಬಣ್ಣದ ಪುಡಿ ಕೊಟ್ಟ. ವಾರಕ್ಕೊಮ್ಮೆ ಬಂದು ಮಷಿನ್ನಿಗೆ ಕಾಲು ಇಡಬೇಕೆಂದ.

ಮಷಿನ್ ಎಂದರೆ ಒಂದು ಪ್ಲಾಸ್ಟಿಕ್ ಟಬ್ಬು. ಅದರಲ್ಲಿ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರು, ನೀರಲ್ಲಿ ತಂತಿ ಕಟ್ಟಿದ ಒಂದು ಲೋಹದ ಸುರುಳಿ. ಕೂಸಿನ ಕಾಲು ಅದರಲ್ಲಿ ಹಿಡಿದು ಸ್ವಿಚ್ ಹಾಕಿದರೆ ಹತ್ತಿಪ್ಪತ್ತು ನಿಮಿಷದಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಮೇಲೆ ಕೆಸರಿನಂಥ ನೊರೆ ಬರುತ್ತಿತ್ತು. "ನೋಡ್ರಿ, ಒಳಗ ಎಷ್ಟ ವಿಷ ಇತ್ತು," ಎಂದು ಅಂದಾನೆಪ್ಪ ನೊರೆಯನ್ನು ಚಮಚದಲ್ಲಿ ಎತ್ತಿ ತೋರಿಸುತ್ತಿದ್ದ. ಭೀಮಶಿ ಅದನ್ನು ನೋಡಿ ಅತ್ತನಂತೆ. ತನ್ನ ಡಬ್ಬಿಯಿಂದ ಮಗಳೊಳಗೆ ಹೋದದ್ದು ಕಣ್ಣೆದುರಿಗೇ ಹೊರಗೆ ಬರುತ್ತಿದೆ ಎಂದು ಅವನು ನಂಬಿದ್ದ. ಆ ಕೂಸು ಕಾಲು ಬಿಡಿಸಿಕೊಳ್ಳಲು ಒದ್ದಾಡುತ್ತಿತ್ತು. ಅದರ ತೋಳು ಹಿಡಿದು ಕೂರಿಸುತ್ತಿದ್ದವನು ಅವನೇ.

ಏಳು ವಾರ ಹೋದರು. ಸ್ನೇಹಲ್ ಕಡ್ಡಿಯಾದಳು. ಪುಡಿ ಕುಡಿದಾಗೊಮ್ಮೆ ವಾಂತಿ ಮಾಡುತ್ತಿದ್ದಳು. ಮೊದಲು ಕಣ್ಣಿಗೆ ಕಣ್ಣು ಕೊಡದಿದ್ದರೂ ಅಪ್ಪನ ಹೆಗಲ ಮೇಲೆ ಮಲಗುತ್ತಿದ್ದವಳು ಈಗ ಅವನು ಹತ್ತಿರ ಬಂದರೆ ಗೋಡೆಗೆ ಸರಿಯುತ್ತಿದ್ದಳು.

ಯಶೋಧಾ ಹೊಲಿಗೆ ಕೆಲಸದವಳು. ಮಾತು ಕಡಿಮೆ, ಆದರೆ ಬಟ್ಟೆಯ ಬಣ್ಣ ಬಿಡುತ್ತದೋ ಇಲ್ಲವೋ ಎಂದು ಅಂಗಡಿಯವನ ಮಾತು ನಂಬದೆ ಮೂಲೆ ತೋಯಿಸಿ ತಿಕ್ಕಿ ನೋಡಿಯೇ ಕೊಳ್ಳುವವಳು. ಎಂಟನೇ ವಾರ ಅವಳು ಅಂದಾನೆಪ್ಪನ ಎರಡನೇ ಕೋಣೆಯಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಭೀಮಶಿ ಪಕ್ಕದಲ್ಲಿದ್ದ. ಅಂದಾನೆಪ್ಪ ಟಬ್ಬಿಗೆ ಹೊಸ ನೀರು, ಉಪ್ಪು ಹಾಕಿ, ಸುರುಳಿ ಬಿಟ್ಟು, ಫೋನ್ ಬಂತೆಂದು ಹೊರಗೆ ಹೋದ. ಯಶೋಧಾ ಎದ್ದು ಕೂಸನ್ನು ಗಂಡನ ಕೈಗೆ ಕೊಟ್ಟು, ಸ್ವಿಚ್ ಹಾಕಿದಳು.

"ಏನ್ ಮಾಡಾಕತ್ತೀ? ಕಾಲ ಇಟ್ಟಿಲ್ಲ ಇನ್ನಾ," ಎಂದ ಭೀಮಶಿ.

"ಅದಕ್ಕ. ಸುಮ್ಮನ ನೋಡ್ರಿ."

ಇಬ್ಬರೂ ನೋಡಿದರು. ಟಬ್ಬಿನಲ್ಲಿ ಯಾರ ಕಾಲೂ ಇರಲಿಲ್ಲ. ಸುರುಳಿಯ ಸುತ್ತ ಮೊದಲು ಹಳದಿಯ ಎಳೆ ಬಿಟ್ಟಿತು, ಆಮೇಲೆ ಕೆಂಪು, ಆಮೇಲೆ ಇಡೀ ನೀರು ಕಂದು. ಅದೇ ನೊರೆ. ಅಂದಾನೆಪ್ಪ ಹೊರಗೆ ಯಾರಿಗೋ, "ನಿಮ್ಮ ಕೂಸಿನ ಮೈಯಾಗೂ ಪಾರಜ ಇರ್ತೈತ್ರಿ, ಕರಕೊಂಡ ಬರ್ರಿ," ಎನ್ನುವುದು ಬಾಗಿಲ ಹಿಂದಿನಿಂದ ಕೇಳಿಸುತ್ತಿತ್ತು.

ಅವನು ಒಳಗೆ ಬಂದಾಗ ಯಶೋಧಾ ಟಬ್ಬನ್ನು ಕಾಲಿನಿಂದ ಅವನತ್ತ ಸರಿಸಿದಳು. "ಇದು ಯಾರ ಮೈಯಾಗಿನ ವಿಷಾರಿ? ಉಪ್ಪನೀರಿಂದಾ?"

ಅಂದಾನೆಪ್ಪ, ಮಷಿನ್ ಮುಟ್ಟಿದ್ದೇ ತಪ್ಪು, ಹಿಂದಿನವರ ವಿಷ ಸುರುಳಿಗೆ ಹತ್ತಿಕೊಂಡಿರುತ್ತದೆ ಎಂದು ಏನೇನೋ ಗದರಿದ. ಅವಳು ಕೇಳಲಿಲ್ಲ. ಮಗಳ ಚಪ್ಪಲಿ ಎತ್ತಿಕೊಂಡು ಗಲ್ಲಿ ದಾಟಿಬಿಟ್ಟಿದ್ದಳು.

ಮನೆಗೆ ಬಂದ ಮೇಲೆ ಭೀಮಶಿ ಹಿತ್ತಲಲ್ಲಿ ಕೂತು, ಅವಳು ರೊಟ್ಟಿ ಮಾಡುತ್ತಿರುವಾಗ, ಬೇವಿನ ಗಿಡದ ಸಂಗತಿಯನ್ನೆಲ್ಲ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳಂತೆ. ಹೆಂಚಿನ ಮೇಲಿನದು ಸುಟ್ಟು ಕರಕಾಯಿತು. ಅವನು ಬೈಗುಳಕ್ಕೆ ಕಾದ. ಅವಳು ಕೇಳಿದ್ದು ಒಂದೇ ಮಾತು: "ಅವತ್ತ ಆ ಡಬ್ಬಿಯಾಗಿಂದು ಇನ್ನ ಯಾರ್ಯಾರ ಕೂಸಿಗೆ ಹಾಕ್ಯಾರ?"

ಅದನ್ನು ಅವನು ಎರಡು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ಮರುದಿನ ದವಾಖಾನೆ ತೆರೆಯುವ ಮೊದಲೇ ಗಂಡಹೆಂಡತಿ ಇಬ್ಬರೂ ಬಂದು ಕೂತಿದ್ದರು. ಅವನು ನನ್ನೆದುರು, ಶೈಲಜಾಳ ಎದುರು, ಮೇಡಮ್ ಎದುರು ಎಲ್ಲ ಹೇಳಿದ. ಶೈಲಜಾಳ ಮುಖ ಕೆಂಪಾಯಿತು.

"ಎರಡ ವರ್ಷ ನನ್ನ ಹಿಂದ ನಿಂತು ನನ್ನ ಕೈ ನೋಡಿದೆಲ್ಲೋ! ನಿನ್ನ ಕೈಯಾಗ ಇದ್ದದ್ದ ಹೇಳಾಕ ಏನಾಗಿತ್ತು ನಿನಗ?"

"ಹೇಳಿದ್ರ ಡಬ್ಬಿ ಕಸಗೊಂತಿದ್ರಿ ಸಿಸ್ಟರ್," ಎಂದ ಅವನು. "ನಮ್ಮ ಓಣಿಯವಂಗ ಅದನ್ನ ಮತ್ತ ಯಾರ್ ಕೊಡ್ತಿದ್ರು?"

ಮೇಡಮ್ ಸಮಾಧಾನದಿಂದ ತಿಳಿಸಿ ಹೇಳಿದರು. ಬಿಸಿಲಿಗೆ ಕೆಟ್ಟ ಲಸಿಕೆಯಿಂದ ಆಟಿಸಂ ಬರುವುದಿಲ್ಲ, ಕೆಡದ ಲಸಿಕೆಯಿಂದಲೂ ಬರುವುದಿಲ್ಲ. ಆದರೆ ಅದು ಕೆಟ್ಟಿದ್ದರೆ ಆ ಮಕ್ಕಳಿಗೆ ದಡಾರದಿಂದ ಪೂರ್ತಿ ರಕ್ಷಣೆ ಸಿಕ್ಕಿರುವುದಿಲ್ಲ. ಕೆಟ್ಟಿತ್ತೋ ಇಲ್ಲವೋ ತಿಳಿಯುವುದು ಹೇಗೆ? ಪ್ರತಿ ಬಾಟಲಿಯ ಮೇಲೆ ಒಂದು ಗುರುತು ಇರುತ್ತದೆ, ವರ್ತುಲದೊಳಗೆ ಒಂದು ಚೌಕ. ಶಾಖ ಹತ್ತಿದಂತೆಲ್ಲ ಚೌಕ ಕಪ್ಪಾಗುತ್ತ ಹೋಗುತ್ತದೆ. ಸುತ್ತಲಿನ ವರ್ತುಲದಷ್ಟೇ ಕಪ್ಪಾದದ್ದನ್ನು ಬಳಸುವಂತಿಲ್ಲ. ನಾವು ರಿಜಿಸ್ಟರ್ ತೆಗೆದೆವು. ಆ ಗುರುವಾರ ದಡಾರದ ಇಂಜೆಕ್ಷನ್ ಪಡೆದ ಮಕ್ಕಳು ಸ್ನೇಹಲ್ ಸೇರಿ ಹನ್ನೊಂದು. ಗುರುತಿನ ಕಾಲಮ್ಮಿನಲ್ಲಿ ಶೈಲಜಾ 'ಸರಿ ಇದೆ' ಎಂದು ಬರೆದಿದ್ದಳು. ಸಂಜೆ ಉಳಿದ ಬಾಟಲಿ ವಾಪಸು ಬಂದಾಗ ನಾನೂ 'ಸರಿ ಇದೆ' ಎಂದು ಬರೆದು ಸಹಿ ಮಾಡಿದ್ದೆ.

ಶೈಲಜಾ ಎದೆ ಮುಟ್ಟಿಕೊಂಡು, "ನೋಡಲಾರ್ದ ನಾ ಯಾವತ್ತೂ ಬರದಾಕಿ ಅಲ್ರಿ," ಎಂದಳು. ನನಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಆ ಸಂಜೆ ನಾನು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆನೋ, ಅಥವಾ ಬಸ್ಸಿಗೆ ತಡವಾಯಿತೆಂದು ದಿನಾ ಬರೆಯುವ ಹಾಗೆ ಬರೆದುಬಿಟ್ಟೆನೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಇವತ್ತಿಗೂ ಆಗಿಲ್ಲ. ವಿಷ ಆಗುತ್ತದೆ ಎಂದು ನಾನು ಅಂದಿದ್ದನ್ನು ಭೀಮಶಿ ಆಗ ಎಲ್ಲರೆದುರು ಎತ್ತಿ ಆಡಲಿಲ್ಲ. ನಾನಾಗಿಯೇ ಹೇಳಿದೆ. ಮೇಡಮ್, "ಹನ್ನೊಂದು ಮಕ್ಕಳಿಗೂ ಇನ್ನೊಂದು ಡೋಸ್ ಕೊಡೋಣ. ಹೆಚ್ಚಾದರೆ ಅಪಾಯ ಇಲ್ಲ, ಕಡಿಮೆಯಾದರೆ ಇದೆ. ಮನೆಮನೆಗೆ ಹೋಗಿ ಯಾಕೆ ಅಂತ ಹೇಳಿ. ಏನೂ ಮುಚ್ಚಿಡಬೇಡಿ," ಎಂದರು.

ನಾವು ಮೂವರೂ ಹೋದೆವು. ಮಾತಾಡಬೇಕಾದವನು ಭೀಮಶಿ. ಅವನು ಹೊಸ್ತಿಲ ಹೊರಗೆ ನಿಂತು, ಡಬ್ಬಿ ಬಿಸಿಲಲ್ಲಿ ಬಿಟ್ಟು ಹೋಗಿದ್ದನ್ನು ಹತ್ತು ಮನೆಯಲ್ಲಿ ಹತ್ತು ಸಲ ಹೇಳಬೇಕಾಯಿತು. ಒಂದು ಮನೆಯಲ್ಲಿ ಬಾಗಿಲು ಹಾಕಿಕೊಂಡರು. ಒಂದು ಮನೆಯಲ್ಲಿ ಬಸಲಿಂಗಪ್ಪ ಎಂಬ ಹಿರಿಯರು ಅವನ ಅಪ್ಪನ ಹೆಸರು, ಓಣಿಯ ಹೆಸರು ಹಿಡಿದು ಬೈದರು. ಶೈಲಜಾ ನಡುವೆ ಬಂದಳು: "ಬೈಯೂದಿದ್ರ ಅಂವಗ ಬೈರಿ ಯಜ್ಜಾರ, ಅವರಪ್ಪ ಏನ್ ಮಾಡ್ಯಾನ?" ಎರಡು ವರ್ಷದಲ್ಲಿ ಅವಳು ಅವನ ಪರ ಆಡಿದ ಮೊದಲ ಮಾತು ಅದು.

ಗುರವ್ವ ಎಂಬ ಮುದುಕಿಯ ಮೊಮ್ಮಗನಿಗೆ ಹಿಂದಿನ ಚಳಿಗಾಲದಲ್ಲಿ ದಡಾರ ಎದ್ದಿತ್ತು. ಎದೆಗೆ ಇಳಿದು ಸವದತ್ತಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಉಳಿದುಕೊಂಡಿದ್ದ. ಅವನೂ ಆ ಹನ್ನೊಂದರಲ್ಲಿ ಒಬ್ಬ. ಆ ಡಬ್ಬಿಯ ಲಸಿಕೆ ಕೆಟ್ಟಿತ್ತೋ, ಅಥವಾ ಎರಡು ಡೋಸ್ ಆದರೂ ಅಪರೂಪಕ್ಕೆ ಕೆಲವರಿಗೆ ಬರುವ ಹಾಗೆ ಬಂತೋ, ಅಥವಾ ಊರಲ್ಲಿ ಇಂಜೆಕ್ಷನ್ ಬಿಟ್ಟ ಕೂಸುಗಳು ಹೆಚ್ಚಾಗಿ ರೋಗ ಸುತ್ತತೊಡಗಿದ್ದರಿಂದಲೋ, ಯಾರೂ ಹೇಳಲಾರರು. ಗುರವ್ವ ಎಲ್ಲ ಕೇಳಿಸಿಕೊಂಡಳು.

"ಆವಾಗ ಹಾಕಸ್ರಿ ಅಂದಿ, ಹಾಕಿಸಿದ್ವಿ. ಆಮ್ಯಾಲ ಬ್ಯಾಡ ಅಂದಿ, ಬಿಟ್ವಿ. ಈಗ ಮತ್ತ ಹಾಕಸ್ರಿ ಅಂತಿ. ನಿನ್ನ ಯಾವ ಮಾತ ನಂಬೂದೋ ಯಪ್ಪಾ?"

ಭೀಮಶಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಆ ಮನೆಯಿಂದ ಅವನನ್ನು ಎಬ್ಬಿಸಿಕೊಂಡು ಹೋಗಬೇಕಾಯಿತು.

ಹನ್ನೊಂದರಲ್ಲಿ ಸ್ನೇಹಲ್ ಸೇರಿ ಎಂಟು ಮಕ್ಕಳು ಬಂದರು. ಭೀಮಶಿಯ ಡಬ್ಬಿ ಕೆಲಸ ಹೋಯಿತು. ಅದು ಹೋಗಲೇಬೇಕಿತ್ತು. ಕೊನೆಯ ದಿನ ಅವನು ಡಬ್ಬಿಯನ್ನು ತೊಳೆದು, ಒರೆಸಿ, ಮುಚ್ಚಳ ತೆರೆದಿಟ್ಟು ಹೋದ.

ಬೆಳಗಾವಿಗೆ ಅವರನ್ನು ನಾನೇ ಕರೆದುಕೊಂಡು ಹೋದೆ. ಮಕ್ಕಳ ಡಾಕ್ಟರು ಹರೆಯದ ಹೆಣ್ಣುಮಗಳು. ಸ್ನೇಹಲ್‌ಳ ಜೊತೆ ನೆಲದ ಮೇಲೆ ಕೂತು ಒಂದು ತಾಸು ಆಡಿದಳು. ಆಮೇಲೆ ಹಳೆಯ ವಿಡಿಯೊ ಏನಾದರೂ ಇವೆಯೇ ಎಂದು ಕೇಳಿದಳು. ಯಶೋಧಾಳ ಫೋನಿನಲ್ಲಿ ಮೊದಲ ಬರ್ತಡೇದು ಇತ್ತು, ಇಂಜೆಕ್ಷನ್ನಿಗೆ ನಾಲ್ಕು ತಿಂಗಳ ಮೊದಲಿನದು. ಅದನ್ನು ಅವರು ಹತ್ತಾರು ಸಲ ನೋಡಿದ್ದರು, ಟೋಪಿ ಹಾಕಿಕೊಂಡ ಮಗಳು ಎಷ್ಟು ಚೆಂದ ಎಂದು. ಡಾಕ್ಟರು ಧ್ವನಿ ಹೆಚ್ಚಿಸಿ ಹಾಕಿದಳು. ಕೇಕಿನ ಮುಂದೆ ಕೂಸು ಕೂತಿದೆ. ಬಂಧುಗಳೆಲ್ಲ ಸೇರಿ, "ಸ್ನೇಹಲ್, ಇಲ್ಲಿ ನೋಡ! ಸ್ನೇಹೂ!" ಎಂದು ಕೂಗುತ್ತಿದ್ದಾರೆ. ಕೂಸು ತಲೆ ಎತ್ತಿ ಮೇಲೆ ತಿರುಗುವ ಫ್ಯಾನನ್ನೇ ನೋಡುತ್ತಿದೆ. ಭೀಮಶಿಯ ಧ್ವನಿ ಐದು ಸಲ ಕೂಗಿತು. ಐದು ಸಲವೂ ಅದು ತಿರುಗಲಿಲ್ಲ.

ಡಾಕ್ಟರು ನಿಲ್ಲಿಸಿದಳು. "ನಿಮ್ಮ ಮಗಳು ಆಗಲೇ ಹೀಗಿದ್ದಳು. ಹುಟ್ಟಿನಿಂದಲೇ ಅವಳ ಮೆದುಳು ಬೆಳೆಯುವ ರೀತಿ ಬೇರೆ. ಕೆಲವು ಮಕ್ಕಳು ಒಂದೂವರೆ ವರ್ಷದ ಸುಮಾರಿಗೆ ಕಲಿತ ಮಾತು ಬಿಡುತ್ತಾರೆ. ಇಂಜೆಕ್ಷನ್ ಹಾಕೋದೂ ಅದೇ ವಯಸ್ಸಿಗೆ. ಅದಕ್ಕೇ ತಾಯಿತಂದೆಗಳಿಗೆ ಹಾಗೆ ಅನಿಸುತ್ತೆ."

ಭೀಮಶಿ ಫೋನ್ ತೆಗೆದುಕೊಂಡು ತಾನೇ ಮತ್ತೊಮ್ಮೆ ನೋಡಿದ. ತಾರೀಖು ನೋಡಿದ. ಹೊರಗೆ ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದ.

"ಸರ, ಈ ಡಾಕ್ಟರಬಾಯಿಗೆ ನೀವ ಮೊದಲ ಏನರ ಹೇಳಿಟ್ಟಿದ್ರೇನು?"

"ಇಲ್ಲೋ ಮಾರಾಯಾ. ಆ ಹೆಣ್ಣಮಗಳ ಹೆಸರೂ ನನಗ ಗೊತ್ತಿಲ್ಲ."

ಅವನು ನನ್ನ ಮುಖವನ್ನೇ ದಿಟ್ಟಿಸಿದ. ಆಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ದುಃಖವೋ ಬಿಡುಗಡೆಯೋ ನನಗೆ ತಿಳಿಯಲಿಲ್ಲ. ಯಶೋಧಾ ಅವನ ಪಕ್ಕದಲ್ಲಿ ಕೂತು, "ಏಳು ವಾರ ಆಕಿಯ ಕಾಲ ಆ ನೀರಾಗ ಹಿಡದ್ವಲ್ಲರಿ," ಎಂದಳು, ತನಗೇ ಹೇಳಿಕೊಂಡ ಹಾಗೆ.

ಅವರು ಈಗ ಕಿತ್ತೂರಿನಲ್ಲಿದ್ದಾರೆ, ಯಶೋಧಾಳ ತವರಿನ ಹತ್ತಿರ. ಹೆದ್ದಾರಿಯ ಊರಾದ್ದರಿಂದ ವಾರಕ್ಕೆರಡು ಸಲ ಬೆಳಗಾವಿಗೆ ತರಬೇತಿಗೆ ಹೋಗಲು ಬಸ್ಸಿನ ಚಿಂತೆಯಿಲ್ಲ. ಭೀಮಶಿ ತರಕಾರಿ ಸಾಗಿಸುವ ಗೂಡ್ಸ್ ಗಾಡಿ ಹೊಡೆಯುತ್ತಾನೆ. ಸ್ನೇಹಲ್‌ಗೆ ಐದು ತುಂಬಿದಾಗ ಹಾಕಬೇಕಾದ ಇಂಜೆಕ್ಷನ್ನಿಗೆ ಅವನು ಕಿತ್ತೂರು ಬಿಟ್ಟು ನಮ್ಮ ದವಾಖಾನೆಯವರೆಗೆ ಬಂದ. ಗುರುತಿಲ್ಲದವರ ಕೈಯಿಂದ ಬೇಡವಂತೆ. ಶೈಲಜಾ ಬಾಟಲಿ ಎತ್ತಿ ಅವನ ಕಣ್ಣಿನ ಮುಂದೆ ಹಿಡಿದಳು. ಅವನು ನೋಡಿದ, ನಂಬರ್ ಓದಿದ, ತಲೆಯಾಡಿಸಿದ. ಚುಚ್ಚುವಾಗ ಮಾತ್ರ ಕೋಣೆಯಿಂದ ಹೊರಗೆ ಹೋದ. ಮಗಳನ್ನು ಹಿಡಿದುಕೊಂಡವಳು ಯಶೋಧಾ.

ಮೊನ್ನೆ ಒಂದು ಮದುವೆಗೆ ಕಿತ್ತೂರಿಗೆ ಹೋದಾಗ ಅವರ ಮನೆಗೆ ಹೋಗಿದ್ದೆ. ಇನ್ನೂ ಸಂಶಯ ಇದೆಯೇನೋ ಎಂದು ಕೇಳಿದೆ.

"ಸುಳ್ಳ ಯಾಕ ಹೇಳ್ಲಿ ಸರ, ಆ ಬರ್ತಡೇ ವಿಡಿಯೊ ನೋಡಿದಾಗ ಇರೂದಿಲ್ಲ. ಎರಡ ದಿನ ಬಿಟ್ರ ಮತ್ತ ಬರತೈತಿ. ಮತ್ತ ನೋಡ್ತೇನಿ," ಎಂದ. "ಇಲ್ಲೆ ಒಬ್ಬಾಂವ ಮೊನ್ನೆ ಕೇಳಿದಾ, ಕೂಸಿಗೆ ಹಾಕಸೂದೋ ಬ್ಯಾಡೋ ಅಂತ. ನನ್ನ ಮಾತ ಕೇಳಬ್ಯಾಡೋ ತಮ್ಮಾ, ದವಾಖಾನಿಗೆ ನಡಿ, ನಾನೂ ಬರತೇನಿ ಅಂದೆ. ಹೋಗಿ ಹಾಕಿಸಿಕೊಂಡ ಬಂದ್ವಿ."

ಅಷ್ಟರಲ್ಲಿ ಸ್ನೇಹಲ್ ನನ್ನ ಕನ್ನಡಕ ಕಿತ್ತುಕೊಂಡಿದ್ದಳು. ಅದರ ಕಡ್ಡಿ ಮಡಚುವುದು ಬಿಡಿಸುವುದು, ಮಡಚುವುದು ಬಿಡಿಸುವುದು. ಯಶೋಧಾ ಒಂದಿಷ್ಟು ಚಿತ್ರದ ಕಾರ್ಡು ತಂದು ಎದುರಿಗೆ ಹರವಿದಳು. ಮಗಳು ಅವುಗಳಲ್ಲಿ ಬಾಳೆಹಣ್ಣಿನದು ಆರಿಸಿ ತಾಯಿಗೆ ಕೊಟ್ಟು, "ಹಣ್ಣ," ಎಂದಳು. ಹಣ್ಣು ಬಂತು, ತಿಂದಳು, ಕನ್ನಡಕ ಬಿಡಲಿಲ್ಲ. ಅದು ನನ್ನ ಕೈಗೆ ಸಿಗುವ ಹೊತ್ತಿಗೆ ಬಸ್ಸು ಹೋಗಿತ್ತು. ಭೀಮಶಿ ತನ್ನ ಗೂಡ್ಸ್ ಗಾಡಿಯಲ್ಲಿ, ಬದನೆಕಾಯಿ ಚೀಲಗಳ ಜೊತೆಗೆ, ನನ್ನನ್ನು ಬೈಲಹೊಂಗಲದವರೆಗೆ ಬಿಟ್ಟುಬಂದ.